ಮರುಗದ ಮೂರು ಡಬ್ಬಿ

ಸಸಿ ಸಾಯುತ್ತಿದೆ ಎಂದು ಯಾರಾದರೂ ಫೋನ್ ಮಾಡಿದರೆ ನೀರು, ಬಿಸಿಲಿನ ವಿಚಾರ ಆಮೇಲೆ ಕೇಳಿ. ಮೊದಲು, 'ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ?' ಎಂದು ಕೇಳಿ. ಒಬ್ಬರೇ ಇರುವ ಮನೆಯಲ್ಲಿ ಸಸಿ ಮರೆವಿನಿಂದ ಸಾಯುತ್ತದೆ. ಮಂದಿ ಹೆಚ್ಚಿದ್ದರೆ ಅಕ್ಕರೆಯಿಂದ ಸಾಯುತ್ತದೆ. ಮರೆವಿಗೆ ಮದ್ದುಂಟು. ಅಕ್ಕರೆಗೆ ಮದ್ದು ಹುಡುಕುವುದರಲ್ಲೇ ನನ್ನ ನೌಕರಿಯ ಬಹುಪಾಲು ಕಳೆದುಹೋಯಿತು.

ನನ್ನ ಹೆಸರು ಕಸ್ತೂರಿ. ಹುಟ್ಟಿದ್ದು ಬೀದರ ಜಿಲ್ಲೆಯ ಔರಾದ ಕಡೆ. ಗಂಡನಿಗೆ ಸಾತಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಾಸಿಕಕ್ಕೆ ಬಂದೆ. ಮೊದಲು ಪಿಂಪಳಗಾಂವ್ ಬಸವಂತ್ ಹತ್ತಿರದ ದ್ರಾಕ್ಷಿ ನರ್ಸರಿಯೊಂದರಲ್ಲಿ ಕಡ್ಡಿ ಕತ್ತರಿಸಿ ಮಣ್ಣಿನ ಚೀಲಕ್ಕೆ ಊರುತ್ತಿದ್ದೆ. ಆಮೇಲೆ ವಾಘ್ ಸಾಹೇಬರ ಅಂಗಡಿ ಸೇರಿದೆ. ಮಣ್ಣಿಲ್ಲದೆ, ಬರೀ ನೀರಿನಲ್ಲಿ, ಮನೆಯೊಳಗೇ ಬೀಜ ಮೊಳೆಸಿ ಕಡ್ಡಿಗೆ ಬೇರು ಬರಿಸುವ ಸಾಮಾನು ಮಾರುವ ಅಂಗಡಿ ಅದು. ನಾಸಿಕದಲ್ಲಿ ಒಂದು, ಸಂಭಾಜಿನಗರದಲ್ಲಿ ಇನ್ನೊಂದು. ಸಾಮಾನು ಮನೆಗೆ ಮುಟ್ಟಿಸುವುದು, ಕೂಡಿಸಿ ತೋರಿಸುವುದು, ದೂರು ಬಂದರೆ ಓಡುವುದು ನನ್ನ ಕೆಲಸ. ಈಗ ನಿವೃತ್ತಿಯಾಗಿದೆ. ನನ್ನ ಜಾಗಕ್ಕೆ ಬಂದ ಹುಡುಗಿಯರು ಚಿಕ್ಕಮ್ಮನನ್ನು ಕರೆದಂತೆ, 'ಮಾವಶಿ, ಕಲಿಯುವಂಥದ್ದು ಏನಾದರೂ ಬರೆದುಕೊಡಿ' ಎಂದರು. ನೀರೆಷ್ಟು, ಗೊಬ್ಬರವೆಷ್ಟು ಎಂಬುದು ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಅಲ್ಲಿ ಅಚ್ಚಾಗದೆ ಉಳಿದದ್ದನ್ನು ಬರೆಯುತ್ತೇನೆ.

ವಾಘ್ ಸಾಹೇಬರು ಈ ವ್ಯಾಪಾರಕ್ಕೆ ಬರುವ ಮುಂಚೆ ದ್ರಾಕ್ಷಿ ತೋಟದವರಿಗೆ ನೀರೆತ್ತುವ ಮೋಟಾರು ಮಾರುತ್ತಿದ್ದರು. ಮೋಟಾರಿಲ್ಲದೆ ಈ ಜಗತ್ತಿನಲ್ಲಿ ಏನಾದರೂ ಬೆಳೆಯಬಹುದು ಎಂದು ನಂಬಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಅವರು ಮೊದಲು ಮಾರಿದ ಸೆಟ್ಟಿನಲ್ಲಿ ತೂತು ಕೊರೆದ ಪೈಪುಗಳು, ಕೆಳಗೊಂದು ತೊಟ್ಟಿ, ತೊಟ್ಟಿಯೊಳಗೊಂದು ಮೋಟಾರು ಇರುತ್ತಿದ್ದವು. ಇಷ್ಟೆಲ್ಲ ಒಂದು ಹಿಡಿ ಕೊತ್ತಂಬರಿಗೆ. ಗಂಗಾಪುರ ರಸ್ತೆಯ ಒಂದು ಫ್ಲ್ಯಾಟಿನಲ್ಲಿ ನಾನು ಸೆಟ್ಟು ಕೂಡಿಸಿ ಸ್ವಿಚ್ ಹಾಕಿದಾಗ, ಮೇಲೆ ಹಿಟ್ಟಿನ ಗಿರಣಿ ಶುರುವಾಯಿತೇ ಎಂದು ಕೇಳಲು ಕೆಳಗಿನ ಮನೆಯವರು ಹತ್ತಿ ಬಂದಿದ್ದರು. ಕರೆಂಟು ಹೋದರೆ ಪೈಪು ಒಣಗುತ್ತಿತ್ತು, ಮಧ್ಯಾಹ್ನ ಕಳೆಯುವುದರೊಳಗೆ ಎಳೆ ಬೇರು ಸುಟ್ಟುಹೋಗುತ್ತಿತ್ತು. ಸಾಹೇಬರಿಗೆ ಹೇಳಿದರೆ, "ಹಾಗಾದರೆ ಎರಡನೇ ಮೋಟಾರು ಇಡೋಣ ಕಸ್ತೂರಿಬಾಯಿ" ಎನ್ನುತ್ತಿದ್ದರು.

ಆ ಮೋಟಾರಿನ ಮೋಹ ಬಿಡಿಸಿದವರು ಭಟ್ಟರು. ಕುಂದಾಪುರ ಕಡೆಯವರು, ನಾಸಿಕ ರೋಡಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಊರಿನ ಬಸಳೆ ಸೊಪ್ಪಿಲ್ಲದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಸಾಹೇಬರು ದಿನವೂ ಅಲ್ಲಿ ತಿಂಡಿಗೆ ಹೋಗುವವರು. ಬಸಳೆಯ ಸಂಕಟ ಕೇಳಿದ ಮರುದಿನವೇ ನನ್ನ ಕೈಲಿ ದೊಡ್ಡ ಸೆಟ್ಟು ಹೊರಿಸಿ ಕಳಿಸಿದರು. ಹೋಟೆಲಿನ ಹಿತ್ತಿಲಲ್ಲಿ ಕೂಡಿಸಿ ಬಂದೆ. ಕೆಲವು ದಿನ ಬಿಟ್ಟು ನೋಡಲು ಹೋದರೆ ಪೈಪಿನ ತೂತುಗಳಲ್ಲಿ ಸೌಟು, ಜಾಲರಿ ಸಾಲಾಗಿ ನಿಂತು ಒಣಗುತ್ತಿದ್ದವು. ಬಸಳೆ ಕಡ್ಡಿಗಳು ಪಕ್ಕದಲ್ಲಿದ್ದ ಹಳೆಯ ಹಿಟ್ಟಿನ ಡಬ್ಬಿಯ ಮುಚ್ಚಳದ ತೂತಿನಿಂದ ತಲೆ ಹೊರಹಾಕಿ ನಗುತ್ತಿದ್ದವು. ಮುಚ್ಚಳ ಎತ್ತಿದೆ. ಒಳಗೆ ಅರ್ಧ ಡಬ್ಬಿ ನೀರು, ನೀರಿನ ಮೇಲೆ ಒಂದು ಗೇಣು ಗಾಳಿ, ಎರಡರಲ್ಲೂ ಇಳಿಬಿದ್ದ ಬೆಳ್ಳನೆಯ ಬೇರಿನ ಜಡೆ.

"ಎಂತ ಕಸ್ತೂರಮ್ಮ, ಬಸಳೆಗೆ ಮೋಟಾರು ಎಂತಕೆ? ಅದು ಬೇಡ ಅಂದ್ರೂ ಹಬ್ತದೆ ಮಾರಾಯ್ತಿ" ಎಂದರು ಭಟ್ಟರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಸಾಹೇಬ್ರಿಗೆ ಮಾತ್ರ ಹೇಳ್ಬೇಡಿ. ಪಾಪ, ಬೇಜಾರು ಮಾಡ್ಕೊಳ್ತಾರೆ" ಎಂದು ಸೇರಿಸಿದರು.

ಸಾಹೇಬರಿಗೆ ಬೇಜಾರಾಗದಂತೆ ಅವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಸಾಹೇಬರು ಬಾಗಿಲಲ್ಲಿ ಕಂಡರೆ ಸಾಕು, ಗಲ್ಲಾದ ಮೇಲಿನಿಂದ "ಒಂದು ಸ್ಪೆಷಲ್" ಎಂಬ ಕೂಗು ಒಳಗೆ ಹೋಗುತ್ತಿತ್ತು. ಅಡುಗೆಯವರು ಹಿತ್ತಿಲಿನ ಮೋಟಾರು ಹಾಕುತ್ತಿದ್ದರು. ಅದರ ಗುರುಗುರು ಕೇಳುತ್ತ ಸಾಹೇಬರು ಕಣ್ಣುಮುಚ್ಚಿ ಚಹಾ ಕುಡಿಯುತ್ತಿದ್ದರು. ಬಹಳ ದಿನ ಇದು ಸುಸೂತ್ರ ನಡೆಯಿತು. ಒಂದು ಬೆಳಿಗ್ಗೆ ಮಾತ್ರ ಸಾಹೇಬರು ಹೊರಗೆ ಪೇಪರು ಓದುತ್ತ ಕೂತಿದ್ದದ್ದು ಯಾರಿಗೂ ಕಾಣಲಿಲ್ಲ. ಒಳಗೆ ಕೂತ ಬೇರೆ ಗಿರಾಕಿ ನಿಜವಾಗಿಯೂ ಸ್ಪೆಷಲ್ ದೋಸೆ ಕೇಳಿದ. ಕೂಗು ಹೋಯಿತು, ಮೋಟಾರು ಗುರುಗುಟ್ಟಿತು. ಗಿರಾಕಿ ದೋಸೆಗೆ ಕಾಯುತ್ತ ಕೂತ, ದೋಸೆ ಬರಲಿಲ್ಲ. ಸಾಹೇಬರು ಪೇಪರು ಮಡಿಚಿಟ್ಟು ಹಿತ್ತಿಲಿಗೆ ಹೋಗಿ ಸೌಟುಗಳ ತೋಟ ನೋಡಿ ಬಂದರು. ಮರುದಿನ ನನ್ನನ್ನು ಕರೆದು, "ಬಾಯಿ, ಆ ಮೋಟಾರಿಲ್ಲದ ಡಬ್ಬಿ ಇದೆಯಲ್ಲ, ಅಂಥವು ಕೆಲವು ಮಾಡಿ ನೋಡು" ಎಂದರು. ನಮ್ಮ ಅಂಗಡಿಯ ಪದ್ಧತಿ ಬದಲಾದದ್ದು ಹೀಗೆ.

ಡಬ್ಬಿಯ ವಿದ್ಯೆ ದೊಡ್ಡದೇನಲ್ಲ. ಬೆಳಕು ತೂರದ ಡಬ್ಬಿ ಇರಬೇಕು, ಬೆಳಕು ತೂರಿದರೆ ನೀರು ಪಾಚಿಗಟ್ಟುತ್ತದೆ. ಮುಚ್ಚಳದಲ್ಲಿ ತೂತು, ತೂತಿನಲ್ಲಿ ಜಾಲರಿಯ ಪುಟ್ಟ ಬಟ್ಟಲು. ಬೀಜವಾದರೆ ಒದ್ದೆ ಸ್ಪಂಜಿನ ತುಂಡಿನೊಳಗೆ ಕೂರಿಸಿ. ಮೊಳಕೆ ತಲೆ ಎತ್ತಿದ ಕೂಡಲೇ ಬೆಳಕಿಗಿಡಿ, ತಡಮಾಡಿದರೆ ಸಸಿ ಬೆಳಕು ಹುಡುಕುತ್ತ ದಾರದ ಹಾಗೆ ಉದ್ದವಾಗಿ ಮಲಗಿಬಿಡುತ್ತದೆ. ಕಡ್ಡಿಯಾದರೆ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಬರೀ ನೀರಿಗಿಡಿ. ಬೇರು ಬರುವ ತನಕ ಗೊಬ್ಬರ ಬೇಡ. ಬಾಯಿಯೇ ಇಲ್ಲದ್ದಕ್ಕೆ ಉಣಿಸುವುದು ಎಲ್ಲಿಂದ?

ಬೀಜದ ವಿಷಯ ಬಂತು, ನನ್ನ ಒಂದು ಪ್ರಮಾದ ಹೇಳಿಬಿಡುತ್ತೇನೆ. ಮೆಣಸಿನ ಜಾತಿಯ ಸಸಿಗಳೆಲ್ಲ ಎಳವೆಯಲ್ಲಿ ಒಂದೇ ಮುಖದವು. ದೇವಳಾಲಿ ಕ್ಯಾಂಪಿನಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದರು. ದಪ್ಪ ಮೆಣಸಿನಕಾಯಿಯ ಸಸಿ ಬೇಕೆಂದರು. ಸಸಿಯ ತಟ್ಟೆ ಅದಲುಬದಲಾಗಿ, ನಾಲಿಗೆಗೆ ಬೆಂಕಿ ಹಚ್ಚುವ ಗಿಡ್ಡ ಮೆಣಸಿನ ಸಸಿ ಅವರ ಮನೆ ಸೇರಿತು. ಗಿಡ ಬೆಳೆದು ಕಾಯಿ ಬಿಟ್ಟಾಗ ಸುಬೇದಾರರು ಅದು ಇನ್ನೂ ದಪ್ಪವಾಗುವ ಕಾಯಿ ಎಂದೇ ತಿಳಿದರು. ಹಳೆಯ ಸೈನಿಕ ಮಿತ್ರರನ್ನು ಊಟಕ್ಕೆ ಕರೆದು, ತಾವೇ ಬೆಳೆದದ್ದೆಂದು ಹೇಳಿ, ಎಲ್ಲರ ಮುಂದೆ ಇಡೀ ಕಾಯಿಯೊಂದನ್ನು ಕಚ್ಚಿದರಂತೆ. ಅವರ ಹೆಂಡತಿ ಆಮೇಲೆ ನನಗೆ ಹೇಳಿದ್ದು: ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು, ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. "ಸಿಹಿಯಾಗಿದೆ, ತಗೊಳ್ಳಿ" ಎಂದು ತಟ್ಟೆಯನ್ನು ಮಿತ್ರರ ಕಡೆ ಸರಿಸಿದರಂತೆ. ಮಿತ್ರರೂ ಸೈನಿಕರೇ. ಒಬ್ಬರೂ ಕೆಮ್ಮಲಿಲ್ಲ. ನಾನು ಕೈಮುಗಿದು ಸಸಿ ಬದಲಿಸಿಕೊಡಲು ಹೋದರೆ ಸುಬೇದಾರರು ಬಿಡಲಿಲ್ಲ. ಇನ್ನೊಬ್ಬ ಮಿತ್ರರು ಬರುವವರಿದ್ದರು.

ಇನ್ನು ಸಂಭಾಜಿನಗರದ ಮಾತು. ಹುಡುಗಿಯರೇ, ಉಳಿದದ್ದು ಮರೆತರೂ ಇದೊಂದು ನೆನಪಿಡಿ.

ಅಲ್ಲಿನ ಅಂಗಡಿಗೆ ಅಶ್ವಿನಿ ಎಂಬ ಹುಡುಗಿ ಬಂದು ಕಡ್ಡಿಗೆ ಬೇರು ಬರಿಸಿ ಎಬ್ಬಿಸುವ ಒಂದು ಡಬ್ಬಿ ಒಯ್ದಿದ್ದಳು. ನಾಸಿಕದಲ್ಲೇ ಹುಟ್ಟಿ ಬೆಳೆದ ಕನ್ನಡದವರ ಮಗಳು, ಭಾಲ್ಕಿ ಕಡೆಯ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಅತ್ತೆ ಶರಣಮ್ಮ, ಮಾವ ಗುರುಪಾದಪ್ಪ. ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಮನೆ ಕಾಣುವವನು. ಹೊಸ ಫ್ಲ್ಯಾಟು ಕೊಂಡಿದ್ದರು. ಗೃಹಪ್ರವೇಶಕ್ಕೆ ಬಂದ ಮುತ್ತೈದೆಯರಿಗೆಲ್ಲ ಉಡಿಯ ಜೊತೆ ಒಂದೊಂದು ಮರುಗದ ಸಸಿ ಕೊಡಬೇಕೆಂಬುದು ಶರಣಮ್ಮನವರ ಆಸೆ. ಆ ಮರುಗ ಅವರ ತವರಿನದು. ಮದುವೆಯಾಗಿ ಬರುವಾಗ ತಾಯಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಒಂದು ಟೊಂಗೆಯಿಂದ ಇಷ್ಟು ವರ್ಷ ನಡೆದುಬಂದದ್ದು. ತವರಿನಲ್ಲಿ ಈಗ ಆ ಗಿಡವೂ ಇಲ್ಲ, ಹಿತ್ತಿಲೂ ಇಲ್ಲ. ಇದ್ದದ್ದು ಗ್ಯಾಲರಿಯ ಕುಂಡದಲ್ಲಿ ಒಂದೇ ಒಂದು. ಆ ವರ್ಷದ ಬಿಸಿಲಿಗೆ ಅದೂ ಒಂದು ಕಡೆಯಿಂದ ಒಣಗುತ್ತ ಬಂದಿತ್ತು.

ಅಶ್ವಿನಿ ಫೋನು ಮಾಡಿದಾಗ ಎರಡು ಸಲ ಇಟ್ಟ ಕಡ್ಡಿಗಳು ಕಪ್ಪಾಗಿ ಸತ್ತಿದ್ದವು, ಮೂರನೇ ಸಲದವು ಬಾಡುತ್ತಿದ್ದವು. ಅತ್ತೆ ಸೊಸೆಯ ನಡುವೆ ಮಾತು ನಿಂತಿತ್ತು. ನಾನು ಬಸ್ಸು ಹಿಡಿದು ಹೋದೆ.

ಬಾಗಿಲು ತೆಗೆದವರು ಶರಣಮ್ಮ. ಕೂರಿಸಿ, ನೀರು ಕೊಟ್ಟು, ಅಡುಗೆಮನೆಯ ಕಡೆಗೆ ಹುಬ್ಬು ಹಾರಿಸಿ, "ಮಣ್ಣಾಗ ಇಡು ಅಂದೆ ನಾ. ಕೇಳಲಿಲ್ರಿ. ನೀರಾಗ ಬೇರು ಬರ್ತದ ಅಂತ ಮೊಬೈಲ್ ಹೇಳ್ತಂತ. ನಮ್ಮವ್ವನ ಮರುಗ ಮುಗಸ್ಲಕತ್ತಾಳ ಈಕಿ" ಎಂದರು.

ಅಶ್ವಿನಿ ನನ್ನನ್ನು ಡಬ್ಬಿಯ ಹತ್ತಿರ ಕರೆದೊಯ್ದು ಪಿಸುಗುಟ್ಟಿದಳು: "ಮಾವಶಿ, ನಾ ಎಲ್ಲಾ ಬರೋಬರ್ ಮಾಡೀನಿ. ಪಣ್ ಮರ್ವಾ ಜಗತಚ್ ನಾಹಿ, ಮರುಗ ಉಳೀವಲ್ದು. ಇನ್ನ ನಾಕೇ ಟೊಂಗಿ ಚೊಲೋ ಅದಾವ. ಇದೂ ಹೋದ್ರ ಅತ್ತಿ ನನ್ನ ಮನಿಯಾಗ ಇಟ್ಕೊಳ್ಳಾಂಗಿಲ್ಲ."

ಮುಚ್ಚಳ ತೆಗೆದೆ. ಹುಳಿ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಬೂದಿ ಬಣ್ಣದ ಕೆಸರು. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ನೋಡುವ ಪುಟ್ಟ ಮೀಟರು ಅದ್ದಿದರೆ ಅಂಕಿ ಏರುತ್ತಲೇ ಹೋಯಿತು. ಒಂದೇ ಡಬ್ಬಿ ಮೂರು ರೋಗ ಹೇಳುತ್ತಿತ್ತು. ಇದಕ್ಕೆ ಏನಾದರೂ ಹಾಕಿದಿರಾ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮೂವರೂ ತಾವು ಏನೂ ಹಾಕಿಯೇ ಇಲ್ಲ ಎಂದರು.

ದೂರಿಗೆ ಹೋದಾಗ ಬಾಯಿಯ ಮಾತಿಗಿಂತ ಮನೆಯ ಓಡಾಟ ನೋಡಿ. ಚಹಾ ಕುಡಿಯುವ ನೆಪದಲ್ಲಿ ಮಧ್ಯಾಹ್ನದ ತನಕ ಕೂತೆ. ಗುರುಪಾದಪ್ಪನವರು ಪೂಜೆ ಮುಗಿಸಿ, ವಿಭೂತಿ ಕದಡಿದ ನೀರಿನ ಗಿಂಡಿ ಹಿಡಿದು, ಆಚೀಚೆ ನೋಡಿ, ಡಬ್ಬಿಯ ತೂತಿಗೆ ಬಗ್ಗಿಸಿದರು. ನನ್ನನ್ನು ಕಂಡು, "ಪೂಜಿ ನೀರು ಕಾಲಾಗ ಚೆಲ್ಲಬಾರದಲ್ರಿ" ಎಂದರು. ಶರಣಮ್ಮ ಅಕ್ಕಿ ತೊಳೆದರು, ಆ ನೀರು ಮೋರಿಗೆ ಹೋಗಲಿಲ್ಲ. ಅವರು ಮಲಗಿದ ಮೇಲೆ ಅಶ್ವಿನಿ ಗೊಬ್ಬರದ ಬಾಟಲಿ ತಂದು, ಅದರ ಮೇಲೆ ಹೇಳಿದ್ದಕ್ಕೆ ಇನ್ನೊಂದು ಮುಚ್ಚಳ ಸೇರಿಸಿ ಸುರಿದಳು. ಉಳಿದವರು ಯಾರೂ ನೋಡಿಕೊಳ್ಳುತ್ತಿಲ್ಲ ಎಂಬ ಮರುಕ ಮೂವರಿಗೂ ಇತ್ತು.

ನಿಜ ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಮನೆಯಲ್ಲಿ ಸತ್ತ ಕಡ್ಡಿಗಳ ಪಂಚಾಯಿತಿ ನಡೆಯುತ್ತಿತ್ತು, ಬದುಕಿದ ಟೊಂಗೆಗಳನ್ನು ಯಾರೂ ನೋಡುತ್ತಿರಲಿಲ್ಲ. ಅಡುಗೆಮನೆಯಿಂದ ಮೂರು ಹಳೆಯ ಡಬ್ಬಿ ಕೇಳಿ ಪಡೆದೆ. ತೊಳೆದು, ಬೆಳಕು ತೂರದಂತೆ ಪೇಪರು ಸುತ್ತಿ, ಮುಚ್ಚಳಗಳಿಗೆ ತೂತು ಕೊರೆದೆ. ಚೊಲೋ ಉಳಿದಿದ್ದ ನಾಲ್ಕು ಟೊಂಗೆಗಳಲ್ಲಿ ಮೂರು ಟೊಂಗೆಗಳಿಂದ, ನಾಲ್ಕು ಬೆರಳುದ್ದದ ಎಳೆಯ ಕಡ್ಡಿಗಳನ್ನು ಕತ್ತರಿಸಿ ಮೂರು ಡಬ್ಬಿಗೂ ಹಂಚಿದೆ. ನಾಲ್ಕನೆಯದನ್ನು ಗಿಡದಲ್ಲೇ ಬಿಟ್ಟೆ. ಒಂದೆರಡು ತುದಿಗಳನ್ನು ಮಾತ್ರ ಒದ್ದೆ ಕರವಸ್ತ್ರದಲ್ಲಿ ಸುತ್ತಿ ನನ್ನ ಊಟದ ಡಬ್ಬಿಗೆ ಹಾಕಿಕೊಂಡೆ. ಪಂದ್ಯ ಕಟ್ಟುವವರು ಎಲ್ಲವನ್ನೂ ಒಂದೇ ಕುದುರೆಗೆ ಹಾಕಬಾರದು. ಆ ಸಂಜೆ ಬಸ್ಸಿನ ತುಂಬ ಮರುಗದ ಪರಿಮಳ, ನನ್ನ ಪಕ್ಕದಲ್ಲಿ ಕೂತವರು ಯಾವ ದೇವಸ್ಥಾನದಿಂದ ಬಂದಿರಿ ಎಂದು ಕೇಳಿದರು.

ಹೊರಡುವ ಮುಂಚೆ ಮಾಡಬೇಕಾದದ್ದು ಮಾಡಿದ್ದೆ. ಒಂದು ಡಬ್ಬಿಯನ್ನು ದೇವರ ಕೋಣೆಯ ಕಿಟಕಿಯಲ್ಲಿಟ್ಟು ಶರಣಮ್ಮನವರನ್ನು ಕರೆದೆ. "ಅಮ್ಮಾರ, ಇದು ಅಸಲಿ. ಉಳಿದ ಎರಡರಾಗ ಬರೀ ತೋರಿಕಿಗೆ ಬ್ಯಾರೆ ಕಡ್ಡಿ ಇಟ್ಟೀನ್ರಿ, ಅವರಿಬ್ಬರ ಕೈ ಆಡ್ತಿರಲಿ ಅಂತ. ಯಾರ ಮುಂದೂ ಹೇಳಬ್ಯಾಡ್ರಿ. ಇದಕ್ಕ ಬರೀ ಕುಡಿಯೂ ನೀರು. ಬ್ಯಾರೆ ಏನರ ಬಿದ್ದರ ಸಾಯ್ತದ." ಎರಡನೆಯದನ್ನು ಗ್ಯಾಲರಿಯ ನೆರಳಿನಲ್ಲಿಟ್ಟು ಗುರುಪಾದಪ್ಪನವರಿಗೂ ಅದೇ ಮಾತು ಹೇಳಿದೆ. ಮೂರನೆಯದು ಅಡುಗೆಮನೆಯ ಕಟ್ಟೆಯ ಮೇಲೆ, ಅಶ್ವಿನಿಗೆ. ಹೇಳುವಾಗ ನಗು ಬರದಂತೆ ತುಟಿ ಕಚ್ಚಿಕೊಂಡಿದ್ದೆ.

ಉಪಾಯದ ಹುರುಳು ಇಷ್ಟೇ. ಮೂವರಿಗೂ ಸೇರಿದ ಒಂದೇ ಡಬ್ಬಿ ಸತ್ತರೆ ಕೊಂದವರು ಯಾರೂ ಅಲ್ಲ. ಒಬ್ಬರದೇ ಡಬ್ಬಿ ಸತ್ತರೆ ಕೊಂದವರು ಯಾರೆಂದು ಗೊತ್ತು. ನಕಲಿ ಡಬ್ಬಿಗೆ ಯಾರೂ ಕೈ ಹಾಕುವುದಿಲ್ಲ, ಅಸಲಿ ಡಬ್ಬಿಗೆ ಹುಚ್ಚಾಟ ಮಾಡುವ ಧೈರ್ಯ ಬರುವುದಿಲ್ಲ.

ಆದರೂ ನಾಸಿಕಕ್ಕೆ ಬಂದ ಮೇಲೆ ನನಗೆ ಸಮಾಧಾನವಿರಲಿಲ್ಲ. ಕಡ್ಡಿಗಳು ಸೋತರೆ ಒಬ್ಬ ಹೆಂಗಸಿನ ತವರೇ ಮುಗಿದಂತೆ. ಮೇಲೆ ನನ್ನ ಸುಳ್ಳೂ ಬಯಲಾಗುತ್ತಿತ್ತು. ವಾಘ್ ಸಾಹೇಬರಿಗೆ ಹೇಳಿದೆ. "ನಮ್ಮ ಡಬ್ಬಿ ಇರುವಾಗ ಅವರ ಡಬ್ಬಿಗೆ ಯಾಕೆ ತೂತು ಕೊರೆದೆ?" ಎಂಬುದೊಂದೇ ಅವರಿಗಾದ ದುಃಖ.

ಎರಡನೇ ವಾರದ ಕೊನೆಗೆ ಗುರುಪಾದಪ್ಪನವರ ಫೋನು ಬಂತು. ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದರೆಂದು ಕಾಣುತ್ತದೆ, ದನಿ ಗುಂಯ್‌ಗುಡುತ್ತಿತ್ತು. "ಕಸ್ತೂರಿಬಾಯಿ, ಬೇರು ಬಂದಾವ್ರಿ, ಬೆಳ್ಳಗ ದಾರದಂಗ. ಮನ್ಯಾಗ ಯಾರಿಗೂ ಹೇಳಿಲ್ಲ. ಅವರು ಪಾಪ ಆ ಖೊಟ್ಟಿ ಡಬ್ಬಿಗೆ ದುಡೀಲಕತ್ತಾರ." ಮರುದಿನ ಅಶ್ವಿನಿಯದು: "ಮಾವಶಿ, ಮುಳಂ ಆಲೀ. ಬೇರು, ಬೇರು ಬಂತು. ಅತ್ತಿ ಮುಖ ನೋಡಿದ್ರ ವಾಯೀಟ್ ವಾಟತಂಯ್, ಅವರ ಡಬ್ಬಿ ಡುಪ್ಲಿಕೇಟ್ ಅದಲ್ಲಾ." ಅತ್ತೆಯನ್ನು ನೋಡಿ ಅವಳಿಗೆ ಕೆಟ್ಟೆನಿಸುತ್ತಿತ್ತಂತೆ. ಆ ಕನಿಕರದಲ್ಲಿ ನಿಂತುಹೋದ ಮಾತು ತಾನೇ ಶುರುವಾಗಿತ್ತು.

ಶರಣಮ್ಮನವರಿಂದ ಮಾತ್ರ ಫೋನು ಬರಲಿಲ್ಲ.

ಹೆದರಿಕೊಂಡೇ ಮತ್ತೆ ಹೋದೆ. ಮೂರೂ ಡಬ್ಬಿಯಲ್ಲಿ ಬೇರು ಚೆನ್ನಾಗಿತ್ತು. ದೇವರ ಕೋಣೆಯದು ಎಲ್ಲಕ್ಕಿಂತ ಹುಲುಸು. ಬೇರು ಬಂದ ಮೇಲೆ ತುಸುವೇ ಗೊಬ್ಬರ ಕೊಟ್ಟು, ಆಮೇಲೆ ತೆಂಗಿನ ನಾರಿನ ಪುಡಿ ತುಂಬಿದ ಪುಟ್ಟ ಕುಂಡಗಳಿಗೆ ದಾಟಿಸಿ, ಕೆಲವು ದಿನ ನೆರಳಲ್ಲಿ ಎಲೆಗೆ ನೀರು ಚಿಮುಕಿಸಲು ಹೇಳಿದೆ. ನೀರಿನಲ್ಲಿ ಹುಟ್ಟಿದ ಬೇರಿಗೆ ಹೊರಗಿನ ಗಾಳಿ ಒಮ್ಮೆಲೇ ಒಗ್ಗುವುದಿಲ್ಲ. ಈ ಕೆಲಸವನ್ನೂ ಮೂವರು ಮೂರು ಮೂಲೆಯಲ್ಲಿ ಕೂತು ಮಾಡಿದರು.

ಗೃಹಪ್ರವೇಶಕ್ಕೆ ನನ್ನನ್ನೂ ಸಾಹೇಬರನ್ನೂ ಕರೆದಿದ್ದರು. ಹೊಸ ಮನೆಯ ಪಡಸಾಲೆಯಲ್ಲಿ ಕುಂಡಗಳು ಸಾಲಾಗಿ ಕೂತಿದ್ದವು, ಮನೆಯೆಲ್ಲ ಮರುಗದ ಗಮ. ಉಡಿ ತುಂಬಿಸಿಕೊಂಡು ಸಸಿ ಕೈಗೆ ಬಂದಾಗ ಬೀದರಿನಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು, "ಇಷ್ಟು ಚೆಂದ ಯಾರು ಎಬ್ಬಿಸಿದಾರ?" ಎಂದು ಕೇಳಿದರು.

"ನಾನು" ಎಂದಳು ಅಶ್ವಿನಿ. ಅದೇ ಗಳಿಗೆಗೆ ಗುರುಪಾದಪ್ಪನವರ ಬಾಯಿಂದಲೂ "ನಾನ್ರಿ" ಬಂತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಟ್ಟೆಯಲ್ಲಿದ್ದ ಹೋಳಿಗೆಯನ್ನು ಬಹಳ ಶ್ರದ್ಧೆಯಿಂದ ಮುರಿಯುತ್ತಿದ್ದೆ.

"ಮಾವಶಿ, ನೀವು ನಂದು ಅಸಲಿ ಅಂದ್ರಿ."

"ನನಗೂ ಅಸಲಿ ಅಂದಾರಲ್ಲ" ಎಂದರು ಗುರುಪಾದಪ್ಪ.

ಶರಣಮ್ಮ ಅರಿಷಿಣ ಕುಂಕುಮದ ತಟ್ಟೆ ಹಿಡಿದುಕೊಂಡೇ, "ನನಗೂ ಅಂದ್ರು" ಎಂದು ಮುಂದಿನ ಮುತ್ತೈದೆಗೆ ಕುಂಕುಮ ಹಚ್ಚಿದರು. ಬೀದರಿನ ಹೆಂಗಸು ಮೊದಲು ನಕ್ಕರು. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಅಶ್ವಿನಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆಯ ಹೆಗಲಿಗೆ ಮುಖ ಹುದುಗಿಸಿದಳು. ಗುರುಪಾದಪ್ಪನವರೊಬ್ಬರೇ ಸ್ವಲ್ಪ ಹೊತ್ತು ತಮ್ಮ ಕುಂಡಗಳನ್ನು ಬೇರೆ ಎಣಿಸುತ್ತ ನಿಂತಿದ್ದರು.

ಕತೆ ಪೂರ್ತಿ ಕೇಳಿದ ವಾಘ್ ಸಾಹೇಬರ ಮುಖ ಅರಳಿತು. ನನ್ನ ಹತ್ತಿರ ಸರಿದು, "ಬಾಯಿ, ಇನ್ನು ಮೇಲೆ ಒಂದು ಮನೆಗೆ ಒಂದೇ ಡಬ್ಬಿ ಮಾರಬೇಡ" ಎಂದರು. ಈಗ ನೀವು ಮಾರುವ 'ಕುಟುಂಬ ಸೆಟ್ಟು' ಹುಟ್ಟಿದ್ದು ಆ ಹೋಳಿಗೆ ಊಟದಲ್ಲಿ.

ಹೊರಡುವಾಗ ಶರಣಮ್ಮ ನನ್ನನ್ನು ದೇವರ ಕೋಣೆಗೆ ಕರೆದು ಉಡಿ ತುಂಬಿದರು. ತಪ್ಪು ತಿಳಿಯಬೇಡಿ, ಬೇರೆ ದಾರಿ ಇರಲಿಲ್ಲ ಎಂದು ನಾನು ತೊದಲಿದೆ.

"ನನಗ ಅವತ್ತೇ ಗೊತ್ತಾಗಿತ್ತು ತಂಗಿ" ಎಂದರು ಅವರು. "ನಮ್ಮವ್ವನ ಮರುಗ ನನಗ ಗುರ್ತು ಇರಂಗಿಲ್ಲೇನು? ಮೂರೂ ಡಬ್ಬಿಯಾಗ ಒಂದೇ ಗಿಡದ ಟೊಂಗಿ ಇದ್ದವು. ಅಸಲಿ ಯಾವುದು, ನಕಲಿ ಯಾವುದು?"

"ಮತ್ತ ಸುಮ್ನ ಯಾಕ ಇದ್ರಿ ಅಮ್ಮಾರ?"

"ಆಕಿ ನನ್ನ ನೋಡಿ ಅಯ್ಯೋ ಪಾಪ ಅಂದ್ಲು, ಯಜಮಾನ್ರೂ ಅಯ್ಯೋ ಪಾಪ ಅಂದ್ರು. ಇಷ್ಟು ವರ್ಷದಾಗ ಇಬ್ರೂ ಕೂಡಿ ನನಗ ಅಯ್ಯೋ ಪಾಪ ಅಂದಿದ್ದು ಇದೇ ಮೊದಲ. ಕೇಳಲಾಕ ಚೊಲೋ ಇತ್ತು." ಅವರು ಬಾಗಿಲ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿದರು. "ಸಾರಿಗೆ ಉಪ್ಪು ಹಾಕೂದ್ರಾಗೂ ಇದೇ ಜಗಳ ಅದ. ಅದಕ್ಕೂ ಏನರ ಒಂದು ಡಬ್ಬಿ ಸಿಗ್ತದೇನ್ರಿ ನಿಮ್ಮ ಅಂಗಡಿಯಾಗ?"